ಓದುಗರ ಬಳಗಕ್ಕೆ ಫ್ರೆಡ್ ವರ್ಗಾಸ್ ಅವರನ್ನು ಪರಿಚಯಿಸುವ ಕ್ರಮ

ಬಳ್ಳಾರಿಯ ಓದುಗರಲ್ಲಿ ಪತ್ತೇದಾರಿ ಕಾದಂಬರಿಯನ್ನು ಮೆಚ್ಚುವವರು ಬಹಳ ಮಂದಿ ಇದ್ದರೂ, ಫ್ರಾನ್ಸಿನಲ್ಲಿ ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾಗುವ ಫ್ರೆಡ್ ವರ್ಗಾಸ್ ಅವರ ಹೆಸರು ಇಲ್ಲಿ ಅಷ್ಟಾಗಿ ಕೇಳಿಬಂದಿಲ್ಲ. ಗ್ರಂಥಾಲಯದಲ್ಲಿಯೋ ಕಾಲೇಜಿನಲ್ಲಿಯೋ ಅವರ ಬದುಕು ಮತ್ತು ಬರಹದ ಕುರಿತು ಮುಕ್ಕಾಲು ಗಂಟೆ ಮಾತನಾಡಬೇಕಾದವರು ಹೇಗೆ ಸಿದ್ಧರಾಗಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಪ್ರಶಸ್ತಿಗಳ ಪಟ್ಟಿಯಿಂದ ಮಾತು ಆರಂಭಿಸಬೇಡಿ; ಅವರ ವೃತ್ತಿಯಿಂದ ಆರಂಭಿಸಿ. 1957ರ ಜೂನ್ 7ರಂದು ಪ್ಯಾರಿಸಿನಲ್ಲಿ ಜನಿಸಿದ ಫ್ರೆಡೆರಿಕ್ ಒದ್ವಾಂ-ರೂಜೋ (ಇದು ವರ್ಗಾಸ್ ಅವರ ನಿಜವಾದ ಹೆಸರು) ಅವರು ಇತಿಹಾಸವನ್ನು ಓದಿ, ಫ್ರಾನ್ಸಿನ ರಾಷ್ಟ್ರೀಯ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರಾಣಿ ಪುರಾತತ್ವ ತಜ್ಞೆಯಾಗಿ ಕೆಲಸ ಮಾಡಿದವರು. ಈ ವಿದ್ಯೆ ಏನೆಂಬುದನ್ನು ನಮ್ಮ ಜಿಲ್ಲೆಯಲ್ಲಿ ವಿವರಿಸುವುದು ಕಷ್ಟವಲ್ಲ. ಕುಡತಿನಿಯ ಬೂದಿದಿಬ್ಬವನ್ನು ನೋಡಿದವರಿಗೆ, ನವಶಿಲಾಯುಗದ ದನಗಾಹಿಗಳು ಸಗಣಿಯನ್ನು ರಾಶಿ ಹಾಕಿ ಸುಟ್ಟದ್ದರಿಂದ ಅಂಥ ದಿಬ್ಬಗಳು ಬೆಳೆದವೆಂಬುದು ಗೊತ್ತಿರುತ್ತದೆ. ಅಂಥ ನೆಲೆಗಳಲ್ಲಿ ಸಿಕ್ಕ ದನದ ದವಡೆಯೊಂದನ್ನು ತಜ್ಞರು ಕೈಗೆತ್ತಿಕೊಂಡರೆ, ಹಲ್ಲು ಎಷ್ಟು ಸವೆದಿದೆ ಎಂಬುದರಿಂದ ಅದು ಸತ್ತಾಗಿನ ವಯಸ್ಸನ್ನು ಅಂದಾಜಿಸುತ್ತಾರೆ. ಎಲುಬಿನ ಮೇಲಿನ ಸಣ್ಣ ಗೀರುಗಳಿಂದ ಮಾಂಸವನ್ನು ಯಾವ ಕಡೆಯಿಂದ ಕೊಯ್ದರೆಂಬುದನ್ನು ತಿಳಿಯುತ್ತಾರೆ. ಸಾಧ್ಯವಾದರೆ ಸಭೆಗೆ ಮುಂಚೆ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯವನ್ನು ಒಮ್ಮೆ ನೋಡಿ ಬನ್ನಿ. ವರ್ಗಾಸ್ ಅವರ ಕಥೆಗಳಲ್ಲಿ ಅಲ್ಪ ಕುರುಹೊಂದು ಇಡೀ ಪ್ರಕರಣವನ್ನು ಹೇಗೆ ಬಿಡಿಸುತ್ತದೆ ಎಂದು ಹೇಳುವಾಗ ಅಲ್ಲಿ ಕಂಡದ್ದು ನಿಮಗೆ ನೆರವಾಗುತ್ತದೆ.

ಮಾತಿನ ಹೆಚ್ಚಿನ ಸಮಯವನ್ನು ಪ್ಲೇಗಿಗೆ ಮೀಸಲಿಡಿ, ಏಕೆಂದರೆ ಅವರ ಸಂಶೋಧನೆ ಮತ್ತು ಕಾದಂಬರಿ ಒಂದಾಗುವುದು ಅಲ್ಲಿಯೇ. ಇಲಿ, ಚಿಗಟ ಮತ್ತು ಮನುಷ್ಯನ ನಡುವೆ ಈ ರೋಗ ಸಾಗಿದ ಹಾದಿಯನ್ನು ಕುರಿತ ಅವರ ವಿದ್ವತ್ ಗ್ರಂಥ 2003ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲೇ, 2001ರಲ್ಲಿ ಬಂದು, ಮುಂದೆ ಇಂಗ್ಲಿಷಿನಲ್ಲಿ 'ಹ್ಯಾವ್ ಮರ್ಸಿ ಆನ್ ಅಸ್ ಆಲ್' ಎಂದು ಅನುವಾದಗೊಂಡ ಕಾದಂಬರಿಯಲ್ಲಿ ಈ ಭಯವೇ ಕಥೆಯ ಬೀಜ. ಇಂದಿನ ಪ್ಯಾರಿಸಿನ ಚೌಕವೊಂದರಲ್ಲಿ ಹಳೆಯ ನಾವಿಕನೊಬ್ಬ, ಜನರು ಪೆಟ್ಟಿಗೆಗೆ ಹಾಕಿದ ಚೀಟಿಗಳನ್ನು ದಿನವೂ ಗಟ್ಟಿಯಾಗಿ ಸಾರುತ್ತಾನೆ. ಡಂಗುರದ ನೆನಪಿರುವ ನಮ್ಮ ಹಿರಿಯರಿಗೆ ಈ ಪಾತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಣವನ್ನು ಸೂಚಿಸುವ ಹಳೆಯ ಭಾಷೆಯ ಚೀಟಿಗಳು ಆ ಪೆಟ್ಟಿಗೆಯಲ್ಲಿ ಕಾಣತೊಡಗುತ್ತವೆ. ಅದೇ ಹೊತ್ತಿಗೆ ಮನೆಗಳ ಬಾಗಿಲ ಮೇಲೆ ತಿರುಗುಮುರುಗಾದ ನಾಲ್ಕರ ಅಂಕಿ ಕಪ್ಪು ಬಣ್ಣದಲ್ಲಿ ಮೂಡುತ್ತದೆ. ಅದು ಒಂದು ಕಾಲದಲ್ಲಿ ಪ್ಲೇಗಿನಿಂದ ಕಾಪಾಡುವುದೆಂದು ನಂಬಿದ್ದ ರಕ್ಷೆ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದನ್ನು ಕಂಡ ನಮ್ಮ ಓದುಗರಿಗೆ ಆ ಗುರುತಿನ ಹಿಂದಿರುವ ಭೀತಿ ಕೂಡಲೇ ಮನಸ್ಸಿಗೆ ನಾಟುತ್ತದೆ. ಕೊಲೆಗಾರ ಯಾರೆಂಬುದನ್ನು ಮಾತ್ರ ದಯವಿಟ್ಟು ಹೇಳಬೇಡಿ.

ಮೊದಲ ಕಾದಂಬರಿ 1986ರದು. ಅವರ ಸರಣಿಯ ನಾಯಕ, ಪೊಲೀಸ್ ಅಧಿಕಾರಿ ಆದಮ್ಸ್‌ಬರ್ಗ್ ಮೊದಲು ಕಾಣಿಸಿಕೊಂಡದ್ದು 1991ರಲ್ಲಿ. ಆ ಕೃತಿಯಲ್ಲಿ ಯಾರೋ ರಾತ್ರಿ ಹೊತ್ತು ಪಾದಚಾರಿ ಮಾರ್ಗದ ಮೇಲೆ, ಬಿಸಾಡಿದ ವಸ್ತುಗಳ ಸುತ್ತ ನೀಲಿ ಸುಣ್ಣದ ಬಳಪದಿಂದ ವೃತ್ತ ಬರೆಯುತ್ತಾರೆ. ಒಂದು ದಿನ ವೃತ್ತದೊಳಗೆ ಹೆಂಗಸಿನ ಶವವಿರುತ್ತದೆ. ಆದಮ್ಸ್‌ಬರ್ಗ್ ತರ್ಕಕ್ಕಿಂತ ಅಂತಃಪ್ರೇರಣೆಯನ್ನು ನಂಬಿ ನಡೆಯುತ್ತಾ ಯೋಚಿಸುವವನು, ಅವನ ಸಹಾಯಕ ದಂಗ್ಲಾರ್ ಎಲ್ಲವನ್ನೂ ಓದಿಕೊಂಡವನು. ಈ ಜೋಡಿಯೇ ಸರಣಿಯ ಜೀವಾಳವೆಂಬುದು ನನ್ನ ಅಭಿಪ್ರಾಯ. ಆದಮ್ಸ್‌ಬರ್ಗ್ ಸರಣಿಯ ಈ ಮೊದಲ ಕೃತಿಯ ಇಂಗ್ಲಿಷ್ ಅನುವಾದ 'ದಿ ಚಾಕ್ ಸರ್ಕಲ್ ಮ್ಯಾನ್' 2009ರಲ್ಲಿ, ಅಂದರೆ ಪ್ಲೇಗಿನ ಕಥೆಯ ಅನುವಾದದ ನಂತರ ಬಂದಿತು. ಆದ್ದರಿಂದ ಓದಿನ ಕ್ರಮವನ್ನು ಅನುವಾದದ ವರ್ಷದಿಂದ ನಿರ್ಧರಿಸದೆ, ಮೂಲ ಪ್ರಕಟಣೆಯ ವರ್ಷಗಳನ್ನು ಹಲಗೆಯ ಮೇಲೆ ಬರೆದುಕೊಡಿ.

ಪ್ರಶಸ್ತಿಗಳಿಗೆ ಎರಡು ಮಾತು ಸಾಕು: ಬ್ರಿಟನ್ನಿನ ಅಪರಾಧ ಲೇಖಕರ ಸಂಘದ ಅಂತರರಾಷ್ಟ್ರೀಯ ಡ್ಯಾಗರ್ 2006, 2007, 2009 ಮತ್ತು 2013ರಲ್ಲಿ, ಸ್ಪೇನಿನ ಪ್ರಿನ್ಸೆಸ್ ಆಫ್ ಆಸ್ಟೂರಿಯಸ್ ಸಾಹಿತ್ಯ ಪ್ರಶಸ್ತಿ 2018ರಲ್ಲಿ. ವರ್ಗಾಸ್ ಎಂಬ ಕಾವ್ಯನಾಮ ಚಲನಚಿತ್ರವೊಂದರಲ್ಲಿ ಅವಾ ಗಾರ್ಡ್ನರ್ ಮಾಡಿದ ಪಾತ್ರದ ಹೆಸರು. ಅವಳಿ ಸೋದರಿ, ಚಿತ್ರಕಲಾವಿದೆ ಜೋ ಕೂಡ ಅದನ್ನೇ ಇಟ್ಟುಕೊಂಡಿದ್ದಾರೆ.

ವಿವಾದವನ್ನು ಮುಚ್ಚಿಡುವುದು ಕೇಳುಗರಿಗೆ ಮಾಡುವ ಅನ್ಯಾಯ. ಇಟಲಿಯಲ್ಲಿ ಕೊಲೆಗಳಿಗಾಗಿ ಶಿಕ್ಷೆಗೊಳಗಾಗಿ ತಲೆಮರೆಸಿಕೊಂಡಿದ್ದ ಚೆಸಾರೆ ಬತ್ತಿಸ್ತಿ ನಿರಪರಾಧಿಯೆಂದು ವರ್ಗಾಸ್ ವರ್ಷಗಳ ಕಾಲ ವಾದಿಸಿದರು, 2004ರಲ್ಲಿ ಪುಸ್ತಕವನ್ನೂ ತಂದರು. 2019ರಲ್ಲಿ ಸೆರೆಯಾದ ಮೇಲೆ ಆತ ನಾಲ್ಕು ಕೊಲೆಗಳನ್ನು ಒಪ್ಪಿಕೊಂಡನು. ಇದನ್ನು ಸಮರ್ಥನೆಯೂ ಇಲ್ಲದೆ, ತೀರ್ಪೂ ಇಲ್ಲದೆ ಘಟನೆಗಳ ಕ್ರಮದಲ್ಲಿ ಹೇಳಿ, ಪ್ರಶ್ನೆಗಳಿಗೆ ಅವಕಾಶ ಕೊಡಿ.

ಕೊನೆಯ ಹತ್ತು ನಿಮಿಷ ಚೀಟಿ ಸಾರುವ ಪ್ರಸಂಗದ ಒಂದೆರಡು ಪುಟಗಳನ್ನು ನೀವೇ ಕನ್ನಡಕ್ಕೆ ತಂದು ಗಟ್ಟಿಯಾಗಿ ಓದಿ. ಇಂಗ್ಲಿಷ್ ಓದಲು ಹಿಂಜರಿಯುವ ಸದಸ್ಯರೂ ಆಗ ಚರ್ಚೆಯಲ್ಲಿ ಪಾಲ್ಗೊಳ್ಳುತ್ತಾರೆ. ಪ್ರತಿ ಒಂದೇ ಇದ್ದರೆ, ಮುಂದಿನ ಸಭೆಯೊಳಗೆ ಅದು ಯಾರಿಂದ ಯಾರಿಗೆ ಹೋಗಬೇಕೆಂಬುದನ್ನು ಅಲ್ಲಿಯೇ ಗೊತ್ತುಮಾಡಿ.