ಶಾಲು, ಹಾರ ಬಿಡಿ, ಮಕ್ಕಳ ಹಾಳೆ ತೂಗುಹಾಕಿ

ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಇರುವವರಿಗೆ ಒಂದು ಸಲಹೆ. ಹಾಡುವ, ಕುಣಿಯುವ ಮಕ್ಕಳು ಪ್ರತಿಭಾ ಕಾರಂಜಿಯಲ್ಲಿ ಹೇಗೂ ಕಾಣಿಸುತ್ತಾರೆ. ಜೂನ್‌ನಲ್ಲಿ ‘ಠ’ ಬರೆಯಲು ಒದ್ದಾಡಿದ ಹುಡುಗಿ ಈಗ ಪೂರ್ತಿ ಕಥೆ ಓದುತ್ತಾಳಲ್ಲ, ಅವಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಅದಕ್ಕೇ ಪೋಷಕರ ಸಭೆಯ ದಿನ ಹೀಗೆ ಮಾಡಿ. ಪ್ರತಿ ಮಗುವಿನ ಜೂನ್ ತಿಂಗಳ ಒಂದು ಹಾಳೆ, ಈಗಿನದು ಒಂದು, ಎರಡನ್ನೂ ಅಕ್ಕಪಕ್ಕ ಪಿನ್ ಹೊಡೆಯಿರಿ. ಚಿಕ್ಕ ಮಕ್ಕಳು ಆಡುತ್ತ ಕಲಿಯುವ ನಲಿಕಲಿ ಕೊಠಡಿಯಲ್ಲಿ ಅವರು ಬರೆದದ್ದನ್ನು ತೂಗುಹಾಕುವ ಚಪ್ಪರದ ದಾರ ಇದ್ದೇ ಇರುತ್ತದೆ, ಅಲ್ಲೇ ತೂಗುಹಾಕಿ. ಅಮ್ಮನ ಕೈ ಹಿಡಿದು ಮಗುವೇ ತೋರಿಸಲಿ. ಓದು ಬಾರದವರಿಗೂ ಎರಡು ಹಾಳೆಯ ವ್ಯತ್ಯಾಸ ನೋಡಿದ ಕೂಡಲೇ ಗೊತ್ತಾಗುತ್ತದೆ, ಅಲ್ವಾ?

ದೊಡ್ಡ ಮಕ್ಕಳಿಗೆ ಬಿಸಿಯೂಟದ ತಕ್ಕಡಿ ಕೊಡಿ. 5ನೇ ತರಗತಿವರೆಗೆ ತಲೆಗೆ 100 ಗ್ರಾಂ ಅಕ್ಕಿ, 6ರಿಂದ 8ಕ್ಕೆ 150 ಗ್ರಾಂ. ಇವತ್ತು ಬಂದವರೆಷ್ಟು, ಅಕ್ಕಿ ಎಷ್ಟು ಬೇಕು ಎಂದು ಲೆಕ್ಕ ಹಾಕಿ ಅವರೇ ತೂಗಲಿ. ಸರಿಯೋ ತಪ್ಪೋ ಅಡುಗೆ ಅಕ್ಕ ಹೇಳಲಿ. ನಮ್ಮಲ್ಲಿ ಜಾಸ್ತಿ ಜನ ಸೇರಿದ್ದು ಅಲ್ಲೇ!

ಭಾಷಣ ಬೇಡ. ಅಧ್ಯಕ್ಷರಿಗೆ ಬೇಜಾರಾಗುತ್ತದೆ ಅನ್ನಿಸಿದರೆ ಎರಡು ನಿಮಿಷ ಕೊಡಿ. ಫಸ್ಟು, ಸೆಕೆಂಡು ಅಂತ ಬಹುಮಾನವೂ ಬೇಡ. ಕೂಲಿಗೆ ಹೋಗುವವರು ಬೆಳಿಗ್ಗೆ ಬರಲಾರರು, ಸಂಜೆ ಇಟ್ಟುಕೊಳ್ಳಿ.

ಹಾಂ, ಜೂನ್ ಹಾಳೆಗಳನ್ನು ಆಗಲೇ ಎತ್ತಿಡಬೇಕು. ಮೊದಲ ವರ್ಷ ನಾವು ಸುಮ್ನೆ ರದ್ದಿಗೆ ಹಾಕಿಬಿಟ್ಟಿದ್ದೆವು.