ಮುಟ್ಟು ನಿಲ್ಲುವ ವರ್ಷಗಳು: ಏನು ಬರೆದಿಡಬೇಕು, ಯಾವಾಗ ಆಸ್ಪತ್ರೆಗೆ ಹೋಗಬೇಕು

ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಾದ ದಿನಕ್ಕೆ ಸುತ್ತು ಹಾಕುವ ಅಭ್ಯಾಸ ಅನೇಕರಿಗಿದೆ. ನಲವತ್ತು ದಾಟಿದ ಮೇಲೆ ಆ ಒಂದು ಸುತ್ತು ಸಾಲದು. ಶುರುವಾದ ದಿನ, ನಿಂತ ದಿನ, ಹೆಚ್ಚು ಹೋದ ದಿನ ಎಷ್ಟು ಪ್ಯಾಡ್ ಬೇಕಾಯಿತು, ಗಡ್ಡೆ ಬಿತ್ತೇ, ರಾತ್ರಿ ಬೆವರಿ ಎಚ್ಚರವಾಯಿತೇ, ಇಷ್ಟನ್ನೂ ಅದೇ ಚೌಕದಲ್ಲಿ ಸಣ್ಣದಾಗಿ ಬರೆದಿಡಿ. ಮೂರು ತಿಂಗಳ ಇಂಥ ಟಿಪ್ಪಣಿ ಕೈಯಲ್ಲಿದ್ದರೆ ಡಾಕ್ಟರ ಮುಂದೆ ‘ಏನೋ ಏರುಪೇರು’ ಎಂದು ತಡವರಿಸಬೇಕಾಗಿಲ್ಲ.

ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46–47ನೇ ವಯಸ್ಸಿನಲ್ಲಿ. ಏರುಪೇರು ಅದಕ್ಕಿಂತ ಕೆಲವು ವರ್ಷ ಮೊದಲೇ ಶುರುವಾಗುತ್ತದೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ನಿಂತಿದೆ ಎನ್ನಬಹುದು. ಹತ್ತನೇ ತಿಂಗಳಲ್ಲಿ ಒಮ್ಮೆ ಆದರೂ ಲೆಕ್ಕ ಮತ್ತೆ ಮೊದಲಿನಿಂದ. 45 ದಾಟಿದವರಿಗೆ ಇದನ್ನು ಖಚಿತಪಡಿಸಲು ಹಾರ್ಮೋನ್ ಪರೀಕ್ಷೆಯ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ, ಆ ದುಡ್ಡು ಉಳಿಸಿಕೊಳ್ಳಿ. ನಲವತ್ತರೊಳಗೇ ನಿಂತರೆ ಮಾತ್ರ ಪರೀಕ್ಷೆ ಬೇಕೇ ಬೇಕು.

ರಕ್ತಸ್ರಾವ: ಯಾವುದು ಸಹಜ, ಯಾವುದಲ್ಲ

ಈ ವಯಸ್ಸಿನಲ್ಲಿ ಕೆಲವು ತಿಂಗಳು ಅಂಡ ಬಿಡುಗಡೆಯೇ ಆಗುವುದಿಲ್ಲ. ಆಗ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಹುಟ್ಟುವುದಿಲ್ಲ, ಇನ್ನೊಂದು ಹಾರ್ಮೋನಾದ ಈಸ್ಟ್ರೊಜೆನ್ ಒಂದೇ ಕೆಲಸ ಮಾಡುತ್ತ ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತ ಹೋಗುತ್ತದೆ. ಎರಡು ತಿಂಗಳು ಮುಟ್ಟಿಲ್ಲದೆ ಮೂರನೆಯ ತಿಂಗಳು ಹತ್ತು ದಿನ ಸುರಿಯುವುದು ಇದರಿಂದಲೇ. ಕೆಟ್ಟ ರಕ್ತ ಹೋಗಲಿ ಬಿಡು ಎನ್ನುವ ಹಿರಿಯರ ಮಾತನ್ನು ಇಲ್ಲಿ ಕೇಳಬೇಡಿ. ಹೋಗುವುದು ಒಳ್ಳೆಯ ರಕ್ತವೇ, ಜೊತೆಗೆ ಕಬ್ಬಿಣಾಂಶವೂ. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದನ್ನು ವಯಸ್ಸಿನ ಮೇಲೆ ಹಾಕಿ, ಹಿಮೋಗ್ಲೋಬಿನ್ 7ಕ್ಕೆ ಇಳಿದ ಮೇಲೆ ಆಸ್ಪತ್ರೆಗೆ ಬರುವವರು ಕಡಿಮೆಯಿಲ್ಲ.

ಗಂಟೆಗೊಂದು ಪ್ಯಾಡ್ ತೊಯ್ದು ಅದು ಒಂದೆರಡು ಗಂಟೆಗೂ ನಿಲ್ಲದೆ ಮುಂದುವರಿದರೆ ಅದೇ ದಿನ ಹೋಗಿ. ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆಗಳು, 7 ದಿನ ಮೀರಿದ ಸ್ರಾವ, 21 ದಿನದೊಳಗೆ ಮತ್ತೆ ಮುಟ್ಟು, ಎರಡು ಮುಟ್ಟಿನ ನಡುವೆ ಅಥವಾ ಗಂಡನೊಂದಿಗೆ ಸೇರಿದ ಮೇಲೆ ರಕ್ತ, ಇವಕ್ಕೆ ವಾರದೊಳಗೆ ತೋರಿಸಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದೇ ಹನಿ ಕಂಡರೂ ಕಾಯಬಾರದು. ಹೆಚ್ಚಿನವರಲ್ಲಿ ಕಾರಣ ಸಣ್ಣದೇ ಇರುತ್ತದೆ, ಆದರೆ ಒಳಪದರದ ಕ್ಯಾನ್ಸರ್ ಮೊದಲು ಸುಳಿವು ಕೊಡುವುದು ಹೀಗೆಯೇ, ಬೇಗ ಸಿಕ್ಕರೆ ಅದು ಗುಣವಾಗುವಂಥದ್ದು.

ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಸ್ಕ್ಯಾನಿಂಗ್ ಮಾಡಿಸುತ್ತಾರೆ. ಮುಟ್ಟು ಇನ್ನೂ ಪೂರ್ತಿ ನಿಲ್ಲದವರಿಗೆ ಗರ್ಭದ ಪರೀಕ್ಷೆಯನ್ನೂ ಮಾಡಿಸುತ್ತಾರೆ, ಅದಕ್ಕೆ ನಾಚಿಕೊಳ್ಳಬೇಡಿ. 45ರ ನಂತರ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸುವುದೂ ಉಂಟು.

ಇಷ್ಟಾಗುವ ಮೊದಲೇ ‘ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ’ ಎಂದು ಯಾರಾದರೂ ಹೇಳಿದರೆ ಎದ್ದು ಇನ್ನೊಬ್ಬ ಡಾಕ್ಟರ ಬಳಿ ಹೋಗಿ. ಬಯಾಪ್ಸಿ ವರದಿ ಏನು ಹೇಳಿದೆ? ಮಾತ್ರೆಯಲ್ಲಿ ಆಗುವುದಿಲ್ಲವೇ? ಅಂಡಾಶಯ ಉಳಿಸುತ್ತೀರೋ ತೆಗೆಯುತ್ತೀರೋ? ಈ ಮೂರಕ್ಕೂ ಉತ್ತರ ಸಿಗದೆ ಸಹಿ ಹಾಕಬಾರದು. ಹೆಚ್ಚು ಹೋಗುವ ದಿನಗಳಲ್ಲಿ ಮಾತ್ರ ನುಂಗುವ ಟ್ರಾನೆಕ್ಸಾಮಿಕ್ ಆಸಿಡ್ ಇದೆ (ರಕ್ತ ಹೆಪ್ಪುಗಟ್ಟಿದ ಇತಿಹಾಸವಿರುವವರಿಗೆ ಅದು ಆಗದು). ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನ್ ವಂಕಿ ಸುಮಾರು 5 ವರ್ಷ ಸ್ರಾವ ತಗ್ಗಿಸುತ್ತದೆ, ಗರ್ಭನಿರೋಧಕವೂ ಹೌದು. ಅದನ್ನು ಹಾಕಿಸಿದ ಮೊದಲ ಮೂರರಿಂದ ಆರು ತಿಂಗಳು ಚೂರು ಚೂರು ರಕ್ತ ಕಾಣುತ್ತಿರುತ್ತದೆ. ಈ ಮಾತನ್ನು ಮೊದಲೇ ಯಾರೂ ಹೇಳಿರುವುದಿಲ್ಲವಾದ್ದರಿಂದ ಎರಡನೇ ತಿಂಗಳಿಗೇ ತೆಗೆಸಿಬಿಡುತ್ತಾರೆ. ದೊಡ್ಡ ಫೈಬ್ರಾಯ್ಡ್ (ಗರ್ಭಕೋಶದಲ್ಲಿ ಬೆಳೆಯುವ, ಕ್ಯಾನ್ಸರಲ್ಲದ ಗಂಟು), ಕ್ಯಾನ್ಸರ್, ಔಷಧಕ್ಕೆ ಬಗ್ಗದ ಸ್ರಾವ ಇದ್ದರೆ ಆಪರೇಷನ್ ಸರಿಯಾದದ್ದೇ. ಆದರೆ ಎರಡೂ ಅಂಡಾಶಯ ತೆಗೆದರೆ ವರ್ಷಗಟ್ಟಲೆ ನಿಧಾನವಾಗಿ ಆಗಬೇಕಾದ ಬದಲಾವಣೆ ಒಂದೇ ದಿನದಲ್ಲಿ ಆಗುತ್ತದೆ, ಮೂಳೆಗೂ ಹೃದಯಕ್ಕೂ ಪೆಟ್ಟು. 45ರೊಳಗೆ ಹಾಗಾದವರು ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ತೆಗೆದುಕೊಳ್ಳಬೇಕೇ ಎಂದು ಕೇಳಲೇಬೇಕು.

ಮೈ ಕಾವೇರುವುದು

ಎದೆಯಿಂದ ಕತ್ತಿಗೆ, ಮುಖಕ್ಕೆ ಕಾವು ನುಗ್ಗಿ, ಒಂದರಿಂದ ಐದು ನಿಮಿಷ ಇದ್ದು, ಬೆವರಿ, ಆಮೇಲೆ ಚಳಿ. ಈಸ್ಟ್ರೊಜೆನ್ ಇಳಿದಾಗ ಮಿದುಳಿನಲ್ಲಿ ಮೈಯ ಶಾಖ ಕಾಯುವ ಭಾಗ ಅತಿಸೂಕ್ಷ್ಮವಾಗುತ್ತದೆ. ಚೂರೇ ಚೂರು ಶಾಖ ಏರಿದರೂ ಬೆವರಿಸಿ ತಣಿಸಲು ಹೊರಡುತ್ತದೆ. ಇದು ಕೆಲವರಿಗೆ ತಿಂಗಳುಗಳಲ್ಲಿ ಮುಗಿದರೆ ಹಲವರಿಗೆ ಏಳು ವರ್ಷ ದಾಟುತ್ತದೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಕಾವಿಗಿಂತ ಕೀಲುನೋವು, ನಿದ್ದೆಗೇಡುಗಳೇ ಹೆಚ್ಚು ಕಾಡುತ್ತವೆ.

ಕಾವೇರಿದಾಗಲೆಲ್ಲ ಹಿಂದಿನ ಒಂದು ಗಂಟೆಯಲ್ಲಿ ಏನು ತಿಂದಿರಿ, ಕುಡಿದಿರಿ ಎಂದು ಎರಡು ವಾರ ಗುರುತು ಹಾಕಿ. ಬಿಸಿ ಕಾಫಿ, ಖಾರದ ಸಾರು, ಒಲೆಯ ಮುಂದೆ ನಿಂತ ಹೊತ್ತು, ಗಾಳಿಯಾಡದ ಕಲ್ಯಾಣ ಮಂಟಪದಲ್ಲಿ ರೇಷ್ಮೆ ಸೀರೆ, ನಿಮ್ಮದು ಯಾವುದು ಎಂದು ಗೊತ್ತಾದರೆ ಅದನ್ನಷ್ಟೇ ಬಿಟ್ಟರೆ ಸಾಕು, ಎಲ್ಲ ಪಥ್ಯ ಬೇಡ. ಮಲಗುವಾಗ ತೆಳು ಹತ್ತಿ ಬಟ್ಟೆ, ಒಂದು ದಪ್ಪ ಹೊದಿಕೆಯ ಬದಲು ತೆಗೆಯಲು ಬರುವ ಎರಡು ತೆಳು ಹೊದಿಕೆ, ಕೈಗೆಟುಕುವಲ್ಲಿ ನೀರು. ಕೊನೆಯ ಕಾಫಿ ಮಧ್ಯಾಹ್ನ ಎರಡರೊಳಗೆ.

ಉಷ್ಣವಾಗಿದೆ ಎಂದು ಮೆಂತ್ಯ ನೆನೆಸಿದ ನೀರು, ಸೊಗದೆ ಬೇರಿನ ಶರಬತ್ತು ಕುಡಿಯುವವರಿದ್ದಾರೆ. ಕುಡಿದರೆ ಬಾಯಿಗೆ ಹಿತ, ಅಷ್ಟೇ; ಕಾವು ನಿಲ್ಲುತ್ತದೆಂದು ನಂಬಿ ಕೂರಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಿಗೆ ಮೆಂತ್ಯ ಸಕ್ಕರೆಯನ್ನು ಇನ್ನಷ್ಟು ಇಳಿಸಬಹುದು, ಶರಬತ್ತಂತೂ ಏರಿಸುತ್ತದೆ.

ರಾತ್ರಿ ಬೆವರುವುದರ ಜೊತೆ ಸಂಜೆ ಜ್ವರ, ತೂಕ ಇಳಿಕೆ, ಬಿಡದ ಕೆಮ್ಮು ಇದ್ದರೆ ಕ್ಷಯದ ಪರೀಕ್ಷೆ ಮಾಡಿಸಿ. ನಡೆದಾಗ ಎದೆ ಹಿಡಿದುಕೊಂಡರೆ ಅದನ್ನು ‘ಆ ವಯಸ್ಸು’ ಎನ್ನದೆ ಇಸಿಜಿ ಮಾಡಿಸಿ.

ಹಾರ್ಮೋನ್ ಚಿಕಿತ್ಸೆ

ಕಾವಿಗೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಔಷಧವಿಲ್ಲ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಸ್ತನ ಕ್ಯಾನ್ಸರಿನ ಅಪಾಯ ತೋರಿಸಿದ ಮೇಲೆ ಎಲ್ಲೆಡೆ ಭಯ ಹರಡಿತು, ಆದರೆ ಅದರಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರೊಳಗೆ ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಶುರುಮಾಡುವ ಆರೋಗ್ಯವಂತರಲ್ಲಿ ಲಾಭವೇ ಹೆಚ್ಚು ಎಂಬುದು ಈಗಿನ ತಿಳಿವಳಿಕೆ. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತ, ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು, ತೀವ್ರ ಯಕೃತ್ತಿನ ಕಾಯಿಲೆ, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದ್ದವರಿಗೆ ಬೇಡ. ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಜೆಲ್‌ನಲ್ಲಿ ಕಡಿಮೆ.

ತಪ್ಪಾಗುವುದು ಹೆಚ್ಚಾಗಿ ಇಲ್ಲಿ: ಗರ್ಭಕೋಶ ಇರುವವರು ಈಸ್ಟ್ರೊಜೆನ್ ಜೊತೆ ಪ್ರೊಜೆಸ್ಟರಾನ್ ತೆಗೆದುಕೊಳ್ಳಲೇಬೇಕು. ನಿದ್ದೆ ಬರುತ್ತದೆಂದೋ, ಮತ್ತೆ ಮುಟ್ಟಾಗುತ್ತದೆಂದೋ ಅದೊಂದನ್ನು ಬಿಟ್ಟರೆ ಒಳಪದರ ದಪ್ಪವಾಗಿ ಕ್ಯಾನ್ಸರಿನ ಅಪಾಯ ಬೆಳೆಯುತ್ತದೆ. ಮಲಗುವ ಹೊತ್ತಿಗೆ ನುಂಗಿದರೆ ಆ ಮಂಪರೇ ನಿದ್ದೆಗೆ ಸಹಾಯ. ಹಾರ್ಮೋನ್ ಬೇಡವಾದವರಿಗೆ ವೆನ್ಲಾಫಾಕ್ಸಿನ್, ಗಾಬಾಪೆಂಟಿನ್‌ನಂಥವು ಇವೆ. ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ನುಂಗುತ್ತಿರುವವರು ಕಾವಿಗೇ ಕೊಡುವ ಪ್ಯಾರಾಕ್ಸಿಟಿನ್ ತೆಗೆದುಕೊಳ್ಳಬಾರದು, ಅದು ಕ್ಯಾನ್ಸರ್ ಔಷಧದ ಬಲ ತಗ್ಗಿಸುತ್ತದೆ.

ಯಾರಿಗೂ ಹೇಳದ ತೊಂದರೆ

ಕಾವು ಒಂದು ದಿನ ನಿಲ್ಲುತ್ತದೆ, ಯೋನಿಯ ಒಣಗುವಿಕೆ ತಾನಾಗಿ ನಿಲ್ಲುವುದಿಲ್ಲ. ಉರಿ, ತುರಿಕೆ, ಸೇರುವಾಗ ನೋವು, ಪದೇ ಪದೇ ಉರಿಮೂತ್ರ. ಪ್ರತಿ ಸಲವೂ ಆ್ಯಂಟಿಬಯಾಟಿಕ್ ನುಂಗುವ ಮೊದಲು ಮೂತ್ರದ ಕಲ್ಚರ್ ಮಾಡಿಸಿ. ಸೋಂಕಿಲ್ಲದಿದ್ದರೆ ಬೇಕಾದದ್ದು ಈಸ್ಟ್ರೊಜೆನ್ ಕ್ರೀಮು. ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆರಡು ಸಲ, ಡಾಕ್ಟರ್ ಹೇಳಿದ ಅಳತೆಯಲ್ಲಿ. ಪೂರ್ತಿ ಗುಣ ಕಾಣಲು ಎರಡು ಮೂರು ತಿಂಗಳು ಬೇಕು, ಬಿಟ್ಟರೆ ಮರಳುತ್ತದೆ. ಸೋಪು, ಡೆಟಾಲ್ ಹಾಕಿ ತೊಳೆಯಬೇಡಿ. ಕೊಬ್ಬರಿ ಎಣ್ಣೆ ಹಚ್ಚಬಹುದು, ಕಾಂಡೋಮ್ ಬಳಸುವಾಗ ಮಾತ್ರ ಬೇಡ, ಎಣ್ಣೆಗೆ ರಬ್ಬರು ಹರಿಯುತ್ತದೆ. ಗರ್ಭನಿರೋಧಕವನ್ನು ಕೊನೆಯ ಮುಟ್ಟಾದ ಮೇಲೆ 50 ದಾಟಿದವರು ಒಂದು ವರ್ಷ, ಅದಕ್ಕಿಂತ ಚಿಕ್ಕವರು ಎರಡು ವರ್ಷ ಮುಂದುವರಿಸಬೇಕು.

ಕೆಮ್ಮಿದರೆ ಮೂತ್ರ ಜಿನುಗುವವರು ಗಾಳಿ ತಡೆಯುವಂತೆ ಕೆಳಗಿನ ಸ್ನಾಯು ಬಿಗಿಹಿಡಿದು, ಐದರಿಂದ ಹತ್ತು ಸೆಕೆಂಡ್ ಹಾಗೇ ಇದ್ದು ಸಡಿಲಿಸಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು.

ಅಳು, ಸಿಡುಕು, ಮರೆವು ಇದ್ದೇ ಇರುತ್ತವೆ. ಎರಡು ವಾರಕ್ಕಿಂತ ಹೆಚ್ಚು ಯಾವುದೂ ಬೇಡವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಮೂಳೆಗೆ

ಮುಟ್ಟು ನಿಂತವರಿಗೆ ದಿನಕ್ಕೆ ಸುಮಾರು 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿ 350ರಷ್ಟು, ಎರಡು ಲೋಟ ಹಾಲು ಮೊಸರಿನಲ್ಲಿ 480ರಷ್ಟು ಸಿಗುತ್ತದೆ. ಎಳ್ಳಿನ ಚಟ್ನಿಪುಡಿ, ಸೊಪ್ಪು ಸೇರಿದರೆ ಮಾತ್ರೆ ಸಣ್ಣದು ಸಾಕು. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯನ್ನು ಊಟದ ಜೊತೆ, ಒಂದು ಹೊತ್ತಿಗೆ 500 ಮೀರದಂತೆ ನುಂಗಬೇಕು. ಕಬ್ಬಿಣದ ಮಾತ್ರೆ ಬೇರೆ ಹೊತ್ತಿಗೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ. 60,000 ಯೂನಿಟ್‌ನ ವಿಟಮಿನ್ ಡಿ ವಾರಕ್ಕೊಂದು, ಡಾಕ್ಟರ್ ಹೇಳಿದಷ್ಟು ವಾರ ಮಾತ್ರ; ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ತಂದು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡುತ್ತದೆ.