ಎಲೆಕ್ಟ್ರಾನಿಕ್ ಬೆಲೆಚೀಟಿ: ಮಂಗಳೂರಿನ ಅಂಗಡಿಗಳಲ್ಲಿ ಅಳವಡಿಸುವ ಕ್ರಮ

ಸೂಪರ್ ಮಾರ್ಕೆಟ್ಟಿನ ರ‍್ಯಾಕುಗಳಿಂದ ಕಾಗದದ ಬೆಲೆಚೀಟಿಗಳನ್ನು ತೆಗೆದು ಎಲೆಕ್ಟ್ರಾನಿಕ್ ಚೀಟಿಗಳನ್ನು (ಬೆಲೆ ತೋರಿಸುವ ಪುಟ್ಟ ಪರದೆಗಳನ್ನು) ಹಾಕಬೇಕೆಂದಿರುವ ಮಂಗಳೂರಿನ ವರ್ತಕರು, ಆರ್ಡರ್ ಕೊಡುವ ಮೊದಲು ತಮ್ಮ ಬಿಲ್ಲಿಂಗ್ ಕಂಪ್ಯೂಟರಿನಲ್ಲಿರುವ ದರಪಟ್ಟಿಯನ್ನು ಸರಿಪಡಿಸಿಕೊಳ್ಳಬೇಕು. ಅಲ್ಲಿರುವ ದರವನ್ನು ಛಾವಣಿಗೆ ಕೂರಿಸಿದ, ಸಂಕೇತ ರವಾನಿಸುವ ಪೆಟ್ಟಿಗೆಯಾದ ಗೇಟ್‌ವೇ ರೇಡಿಯೋ ತರಂಗದ ಮೂಲಕ ಕಳುಹಿಸುತ್ತದೆ, ಚೀಟಿ ಅದನ್ನೇ ತೋರಿಸುತ್ತದೆ. ಪಟ್ಟಿಯೇ ತಪ್ಪಾಗಿದ್ದರೆ ತಪ್ಪು ಬೆಲೆ ಇನ್ನಷ್ಟು ಅಚ್ಚುಕಟ್ಟಾಗಿ ಕಾಣಿಸುತ್ತದೆ, ಅಷ್ಟೆ.

ನಮ್ಮಲ್ಲಿ ನಿಜವಾದ ತೊಡಕು ಎಂಆರ್‌ಪಿಯದು. ಒಂದೇ ಬಾರ್‌ಕೋಡಿನ ತೆಂಗಿನೆಣ್ಣೆಯಲ್ಲಿ ಹಳೆಯ ಸ್ಟಾಕಿಗೊಂದು, ಹೊಸ ಸ್ಟಾಕಿಗೊಂದು ಎಂಆರ್‌ಪಿ ಮುದ್ರಿತವಾಗಿರುವುದುಂಟು. ಚೀಟಿ ಹೊಸ ದರವನ್ನು ತೋರಿಸುತ್ತಿದ್ದರೂ ಹಳೆಯ ಪ್ಯಾಕೆಟ್ಟಿನ ಮೇಲೆ ಮುದ್ರಿತವಾದುದಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚಿಗೆ ಪಡೆಯುವಂತಿಲ್ಲ. 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳು ಅದಕ್ಕೆ ಅವಕಾಶ ಕೊಡುವುದಿಲ್ಲ. ಆದ್ದರಿಂದ ಹಳೆಯದು ಮುಗಿಯುವವರೆಗೆ ಎರಡೂ ಸ್ಟಾಕನ್ನು ಬೇರೆ ಬೇರೆ ಜಾಗದಲ್ಲಿಟ್ಟು, ಬಿಲ್ಲಿಂಗ್‌ನಲ್ಲಿ ಬ್ಯಾಚ್‌ವಾರು ದರ ನಮೂದಿಸಿ, ಎರಡು ಚೀಟಿ ಹಾಕುವುದೇ ಕ್ಷೇಮ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಇಳಿದು ಸೋಪು, ಶಾಂಪೂ, ಬಿಸ್ಕತ್ತುಗಳ ದರ ಒಟ್ಟಿಗೇ ಬದಲಾದಂತಹ ದಿನಗಳಲ್ಲಿ ಈ ಶಿಸ್ತಿನ ಪ್ರಯೋಜನ ಎದ್ದು ಕಾಣುತ್ತದೆ.

ಜೋಡಣೆ ಸುಲಭ. ಚೀಟಿಯ ಬಾರ್‌ಕೋಡನ್ನೂ ಸಾಮಾನಿನ ಬಾರ್‌ಕೋಡನ್ನೂ ಒಂದರ ಹಿಂದೆ ಒಂದರಂತೆ ಸ್ಕ್ಯಾನ್ ಮಾಡಿದರೆ ಸಾಕು. ಕುಚ್ಚಲಕ್ಕಿ, ಬೆಳ್ತಿಗೆ ಅಕ್ಕಿಯಂತಹ ತೂಕದ ಸಾಮಾನಿಗೆ ಬಿಲ್ಲಿಂಗ್‌ನಲ್ಲಿರುವ ಕೋಡನ್ನೇ ಬಳಸಬೇಕು. ಸಾಮಾನಿನ ಜಾಗ ಬದಲಾದಾಗ ಚೀಟಿಯನ್ನೂ ಜೊತೆಗೆ ಒಯ್ಯಬೇಕೆಂದು ಕೆಲಸದವರಿಗೆ ಮೊದಲ ದಿನವೇ ಹೇಳಿರಬೇಕು. ಬಹುತೇಕ ತಪ್ಪುಗಳು ಹುಟ್ಟುವುದು ಇಲ್ಲಿಯೇ.

ಈ ಚೀಟಿಗಳ ಇ-ಪೇಪರ್ ಪರದೆಗೆ ಅಕ್ಷರ ಬದಲಾಗುವಾಗ ಮಾತ್ರ ವಿದ್ಯುತ್ ಬೇಕಾಗುವುದರಿಂದ, ಆಟಿ ತಿಂಗಳ ಮಳೆಗೆ ಕರೆಂಟು ಹೋದರೂ ಬೆಲೆ ಅಳಿಸಿಹೋಗುವುದಿಲ್ಲ, ನಾಣ್ಯದಾಕಾರದ ಬ್ಯಾಟರಿಯೂ ವರ್ಷಗಟ್ಟಲೆ ಬರುತ್ತದೆ. ಆದರೆ ಗೇಟ್‌ವೇ ಮತ್ತು ರೂಟರ್‌ಗೆ ಯುಪಿಎಸ್ ಇಲ್ಲದಿದ್ದರೆ ಹೊಸ ದರ ಚೀಟಿಯನ್ನು ತಲುಪದು. ಕಡಲ ತೀರದ ಉಪ್ಪುಗಾಳಿ ಬ್ಯಾಟರಿಯ ಸಂಪರ್ಕಬಿಂದುಗಳಿಗೆ ತುಕ್ಕು ಹಿಡಿಸಬಲ್ಲದು, ಹಾಗಾಗಿ ಮುಚ್ಚಳ ಬಿಗಿಯಾಗಿರುವ ಮಾದರಿಯನ್ನೇ ಆರಿಸಬೇಕು. ಮೀನಿನ ಫ್ರೀಜರ್‌ಗೆ ಸಾಮಾನ್ಯ ಚೀಟಿ ಆಗದು. ಶೂನ್ಯಕ್ಕಿಂತ ಕೆಳಗಿನ ತಾಪಮಾನಕ್ಕೆಂದೇ ತಯಾರಾದುದನ್ನು ಕೇಳಿ ಪಡೆಯಬೇಕು.

ಪ್ರತಿದಿನ ಬಾಗಿಲು ತೆರೆಯುವ ಮುನ್ನ, ಪ್ರತಿಕ್ರಿಯೆ ನೀಡದ ಚೀಟಿಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ನೋಡಿ, ಹಿಂದಿನ ದಿನ ದರ ಬದಲಾದ ಸಾಮಾನುಗಳಲ್ಲಿ ಕೆಲವನ್ನು ಕೌಂಟರಿಗೆ ತಂದು ಪ್ಯಾಕೆಟ್, ಚೀಟಿ, ಬಿಲ್ಲು ಮೂರನ್ನೂ ತಾಳೆ ನೋಡಬೇಕು. ವ್ಯತ್ಯಾಸವನ್ನು ಗ್ರಾಹಕರೇ ತೋರಿಸಿಕೊಟ್ಟರೆ ವಾದಕ್ಕಿಳಿಯದೆ, ಮೂರರಲ್ಲಿ ಕಡಿಮೆಯಿರುವ ದರಕ್ಕೆ ಬಿಲ್ಲು ಮಾಡಿ, ಅಂದೇ ಪಟ್ಟಿಯನ್ನು ತಿದ್ದಬೇಕು.